ಇಂಗ್ಲಿಷು ಪರೀಕ್ಷೆಗೆ ಕನ್ನಡದ ನೆರವು



ಇಂಗ್ಲಿಷಿನ ವ್ಯಾಕರಣ, ವಿರಾಮಚಿಹ್ನೆ, ಶಬ್ದಸಂಗ್ರಹ ಇವುಗಳನ್ನು ಒಂದು ಪರೀಕ್ಷೆಗಾಗಿ ಅಭ್ಯಾಸಮಾಡುವುದು ಹೇಗೆ ಎಂಬುದು ಈ ಹೊತ್ತಿನ ಮಾತಿನ ವಿಷಯ. ಶಾಲೆಯ ಪಾಠವನ್ನು ಮನೆಯ ನಡುಮನೆಗೇ ತಂದರಲ್ಲ ಎಂದು ಕೆಲವರು ಅಂದುಕೊಂಡಿರಬಹುದು. ಆದರೆ ಹದಿನಾರು ಹದಿನೇಳು ವಯಸ್ಸಿನ ಮಗನೋ ಮಗಳೋ ಇದ್ದು, ಅಮೆರಿಕಾ ದೇಶದ ಕಾಲೇಜಿಗೆ ಅರ್ಜಿ ಹಾಕುವ ಮಾತು ಊಟದ ಹೊತ್ತಿನಲ್ಲಿ ದಿನವೂ ಬರುತ್ತಿರುವ ಮನೆಯವರು ಹಾಗೆ ಅಂದುಕೊಳ್ಳಲಾರರು. ಅವರಿಗೆ 'ಸ್ಯಾಟ್' ಎಂಬ ಪರೀಕ್ಷೆಯ ಹೆಸರು ನೆಂಟರ ಹೆಸರಿನಷ್ಟು ಪರಿಚಿತವಾಗಿರುತ್ತದೆ.

ಇಂಥ ಮನೆಗಳಲ್ಲಿ ಕೆಲವುಕಡೆ ಒಂದು ಪದ್ಧತಿಯನ್ನು ನಾನು ಕಂಡಿದ್ದೇನೆ. ಪರೀಕ್ಷೆಗೆ ಆರು ತಿಂಗಳೋ ವರ್ಷವೋ ಇರುವಾಗ ತಂದೆತಾಯಿಗಳು ಒಂದು ನಿರೂಪ ಹೊರಡಿಸುತ್ತಾರೆ: ಇನ್ನು ಮೇಲೆ ಮನೆಯಲ್ಲಿ ಕನ್ನಡ ಕೂಡದು, ಎಲ್ಲರೂ ಇಂಗ್ಲಿಷಿನಲ್ಲಿಯೇ ಮಾತನಾಡತಕ್ಕದ್ದು. ಇಂಗ್ಲಿಷು ಬಾರದ ಅಜ್ಜಿ ಆ ದಿನದಿಂದ ಮೊಮ್ಮಗನೊಡನೆ ಮಾತಿಲ್ಲದೆ ಕುಳಿತಿರುತ್ತಾರೆ. ಹುಡುಗನಾದರೋ, 'ಊಟಕ್ಕೆ ಬಾ', 'ಫ್ಯಾನು ಹಾಕು' ಎಂಬ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಿ, ಪರೀಕ್ಷೆಗೆ ಸಿದ್ಧನಾಗುತ್ತಿದ್ದೇನೆಂದು ನಂಬುತ್ತಾನೆ. ಪರೀಕ್ಷೆಯಲ್ಲಿ ಕೇಳುವ ಇಂಗ್ಲಿಷಿಗೂ ಈ ಇಂಗ್ಲಿಷಿಗೂ ಸಂಬಂಧ ಬಹಳ ದೂರದ್ದು. ಅದಕ್ಕಿಂತಲೂ ಹೆಚ್ಚಾಗಿ, ಆ ಪರೀಕ್ಷೆಯ ಅಭ್ಯಾಸಕ್ಕೆ ಬೇಕಾದ ಒಳ್ಳೆಯ ಹತ್ಯಾರವೊಂದನ್ನು ಅವರು ತಮ್ಮ ಕೈಯಾರೆ ಮನೆಯಿಂದ ಹೊರಕ್ಕೆ ಹಾಕಿದಂತಾಗುತ್ತದೆ. ಆ ಹತ್ಯಾರ ಕನ್ನಡ. ಇದು ಭಾಷಾಭಿಮಾನದ ಮಾತಲ್ಲ, ಲೆಕ್ಕಾಚಾರದ ಮಾತು. ಹೇಗೆಂಬುದನ್ನು ಕ್ರಮವಾಗಿ ಅರಿಕೆಮಾಡುತ್ತೇನೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡಬೇಕು. ಸ್ಯಾಟ್ ಪರೀಕ್ಷೆ ಅಮೆರಿಕಾದ ಹೊರಗಡೆ ೨೦೨೩ರಿಂದಲೂ, ಅಮೆರಿಕಾದಲ್ಲಿ ೨೦೨೪ರಿಂದಲೂ ಕಾಗದವನ್ನು ಬಿಟ್ಟು ಗಣಕಯಂತ್ರದ ಮೇಲೆ ನಡೆಯುತ್ತಿದೆ. ಅದರಲ್ಲಿ ಓದು ಬರೆಹಕ್ಕೆ ಒಂದು ಭಾಗ, ಗಣಿತಕ್ಕೆ ಇನ್ನೊಂದು ಭಾಗ. ಒಂದೊಂದಕ್ಕೂ ೨೦೦ರಿಂದ ೮೦೦ರವರೆಗೆ ಅಂಕ. ಓದು ಬರೆಹದ ಭಾಗದಲ್ಲಿ ೫೪ ಪ್ರಶ್ನೆ, ೬೪ ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ ಒಂದು ನಿಮಿಷದ ಮೇಲೆ ಹತ್ತು ಹನ್ನೊಂದು ಸೆಕೆಂಡು. ಪ್ರತಿ ಪ್ರಶ್ನೆಗೂ ಒಂದು ಸಣ್ಣ ಗದ್ಯಭಾಗ, ಅದರ ಕೆಳಗೆ ನಾಲ್ಕು ಉತ್ತರ. ಅವುಗಳಲ್ಲಿ ಒಂದನ್ನು ಆರಿಸಬೇಕು. ಈ ೫೪ರಲ್ಲಿ ೧೧ರಿಂದ ೧೫ ಪ್ರಶ್ನೆಗಳು ಶುದ್ಧವಾಗಿ ವ್ಯಾಕರಣಕ್ಕೂ ವಿರಾಮಚಿಹ್ನೆಗೂ ಸೇರಿದವು. ಶಬ್ದಾರ್ಥದ ಪ್ರಶ್ನೆಗಳು, ವಾಕ್ಯವಾಕ್ಯಗಳ ಸಂಬಂಧವನ್ನು ಕೇಳುವ ಪ್ರಶ್ನೆಗಳು ಇವುಗಳ ಜೊತೆಗೆ ಬೇರೆಯಾಗಿ ಇರುತ್ತವೆ. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಅನೇಕ ಕಾಲೇಜುಗಳು ಈ ಅಂಕಗಳು ಬೇಕೇ ಬೇಕೆಂಬ ನಿಯಮವನ್ನು ಬಿಟ್ಟವು. ಆದರೆ ೨೦೨೨ರಲ್ಲಿ ಎಂ.ಐ.ಟಿ.ಯೂ ೨೦೨೪ರಲ್ಲಿ ಡಾರ್ಟ್‌ಮತ್, ಹಾರ್ವರ್ಡ್ ಮೊದಲಾದವೂ ಅದನ್ನು ಮತ್ತೆ ತರುವ ನಿರ್ಧಾರವನ್ನು ಪ್ರಕಟಿಸಿದವು. ಆದಕಾರಣ ಯಾವ ಕಾಲೇಜಿನ ನಿಯಮ ಏನೆಂಬುದನ್ನು ಅರ್ಜಿ ಹಾಕುವ ವರ್ಷದಲ್ಲಿಯೇ ನೋಡಿಕೊಳ್ಳತಕ್ಕದ್ದು.

ಈ ಪರೀಕ್ಷೆಯ ಹುಟ್ಟಿನ ಕತೆಯೂ ನಮ್ಮ ವಿಷಯಕ್ಕೆ ಬೇಕಾದದ್ದೇ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ ಎಂಬವನ ನೇತೃತ್ವದಲ್ಲಿ ಇದನ್ನು ರಚಿಸಿ, ೧೯೨೬ನೆಯ ಇಸವಿ ಜೂನ್ ತಿಂಗಳಲ್ಲಿ ಸುಮಾರು ೮,೦೦೦ ವಿದ್ಯಾರ್ಥಿಗಳಿಗೆ ಮೊದಲ ಬಾರಿ ಕೊಟ್ಟರು. ಅದಕ್ಕೆ ಮೂರು ವರ್ಷ ಹಿಂದೆ, ೧೯೨೩ರಲ್ಲಿ, ಇದೇ ಬ್ರಿಗಮ್ಮನು ಒಂದು ಪುಸ್ತಕ ಬರೆದು, ಅಮೆರಿಕಾಕ್ಕೆ ವಲಸೆ ಬಂದ ಕೆಲವು ಜನಾಂಗಗಳು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕಡಮೆ ಎಂದು ಪರೀಕ್ಷೆಗಳ ಆಧಾರದ ಮೇಲೆ ಸಾಧಿಸಹೊರಟಿದ್ದನು. ೧೯೩೦ರಲ್ಲಿ ಆ ವಾದಕ್ಕೆ ಆಧಾರವಿಲ್ಲವೆಂದು ತಾನೇ ಬಹಿರಂಗವಾಗಿ ಬರೆದು ಅದನ್ನು ಹಿಂತೆಗೆದುಕೊಂಡನು. ಇಂಥ ಪರೀಕ್ಷೆಯಲ್ಲಿ ಬರುವ ಅಂಕದೊಳಗೆ ಮನೆಯ ವಾತಾವರಣ, ಶಾಲೆಯ ಓದು, ಇಂಗ್ಲಿಷಿನ ಬಳಕೆ ಎಲ್ಲವೂ ಬೆರೆತಿರುತ್ತವೆಂಬ ಅಭಿಪ್ರಾಯಕ್ಕೆ ಅವನು ಆಮೇಲೆ ಬಂದನು. ಪರೀಕ್ಷೆಯನ್ನು ಮಾಡಿದವನೇ ಹೀಗೆ ಹೇಳಿದಮೇಲೆ, ಅಂಕ ಕಡಮೆ ಬಂದ ಹುಡುಗನನ್ನು ದಡ್ಡನೆಂದು ಕರೆಯುವ ಅಧಿಕಾರ ನಮಗೆ ಯಾರಿಗೂ ಉಳಿಯಲಿಲ್ಲ. ಅಳೆಯುವುದು ಬಹುಮಟ್ಟಿಗೆ ಒಂದು ಬಗೆಯ ಬಳಕೆಯನ್ನು. ಬಳಕೆಯಾದದ್ದರಿಂದಲೇ ಅಭ್ಯಾಸಕ್ಕೆ ಅದು ಒಗ್ಗುತ್ತದೆ.

ಆದರೆ ಅಭ್ಯಾಸ ಎಲ್ಲಿ ಮಾಡಬೇಕು? ಎಲ್ಲೆಲ್ಲಿ ಇಂಗ್ಲಿಷಿನ ನಡೆ ಕನ್ನಡದ ನಡೆಗಿಂತ ಬೇರೆಯೋ ಅಲ್ಲಲ್ಲಿ. ಇದನ್ನು ತಿಳಿಯಬೇಕಾದರೆ ಎರಡು ನಡೆಗಳೂ ಗೊತ್ತಿರಬೇಕಷ್ಟೆ.

ವಾಕ್ಯದ ಎಲ್ಲೆಯನ್ನೇ ತೆಗೆದುಕೊಳ್ಳೋಣ. ವಿರಾಮಚಿಹ್ನೆಯ ಪ್ರಶ್ನೆಗಳಲ್ಲಿ ಬಹುಪಾಲು ಇದನ್ನೇ ಕೇಳುತ್ತವೆ: ಒಂದು ವಾಕ್ಯ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು? ಕನ್ನಡದಲ್ಲಿ ಈ ಪ್ರಶ್ನೆ ನಮ್ಮನ್ನು ಎಂದೂ ಬಾಧಿಸುವುದಿಲ್ಲ. 'ಎದ್ದು, ಮುಖ ತೊಳೆದು, ಕಾಫಿ ಕುಡಿದು, ಪತ್ರಿಕೆ ನೋಡಿ, ಕಚೇರಿಗೆ ಹೋದನು' ಎಂದಾಗ ಎದ್ದು, ತೊಳೆದು, ಕುಡಿದು, ನೋಡಿ ಎಂಬುವೆಲ್ಲ ಅಪೂರ್ಣಕ್ರಿಯೆಗಳು. 'ಹೋದನು' ಎಂಬ ಪೂರ್ಣಕ್ರಿಯೆ ಬಂದೊಡನೆ ವಾಕ್ಯ ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಚುಕ್ಕಿ ಇಡದಿದ್ದರೂ ವಾಕ್ಯ ಮುಗಿದದ್ದು ಕಿವಿಗೆ ತಿಳಿಯುತ್ತದೆ. ತಾಳೆಗರಿಯ ಮೇಲೆ ಪದಪದಗಳ ನಡುವೆ ತೆರಪು ಕೂಡ ಬಿಡದೆ ಬರೆದ ನಮ್ಮ ಹಿರಿಯರು, ಒಂದು ದಂಡವನ್ನೋ ಎರಡು ದಂಡವನ್ನೋ ಅಲ್ಲಲ್ಲಿ ಎಳೆದು ತೃಪ್ತರಾಗಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು. ಕಾಮಾ, ಸೆಮಿಕೋಲನ್ ಮೊದಲಾದುವೆಲ್ಲ ಅಚ್ಚಿನ ಮೊಳೆಗಳ ಜೊತೆಯಲ್ಲಿ ಇಂಗ್ಲಿಷಿನಿಂದ ನಮ್ಮಲ್ಲಿಗೆ ಬಂದ ಅತಿಥಿಗಳು.

ಇಂಗ್ಲಿಷಿನಲ್ಲಿ ಪೂರ್ಣಕ್ರಿಯೆ ವಾಕ್ಯದ ನಡುವೆ ಕುಳಿತಿರುತ್ತದೆ. ಅದರ ಮುಂದೆ ಕರ್ಮ, ಸ್ಥಳ, ಕಾಲ ಎಂದು ಏನೇನೋ ಬಂದು ಸೇರಬಹುದು. ಆದ್ದರಿಂದ ಬಾಗಿಲು ಹಾಕಿತೋ ಇಲ್ಲವೋ ಎಂಬುದನ್ನು ಚಿಹ್ನೆಯೇ ಹೇಳಬೇಕು. 'ಮಳೆ ನಿಂತಿತು, ನಾವು ಹೊರಟೆವು' ಎಂದು ಕನ್ನಡದಲ್ಲಿ ನಡುವೆ ಕಾಮಾ ಹಾಕಿ ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. 'ದಿ ರೇನ್ ಸ್ಟಾಪ್ಡ್' ಎಂದು ಬರೆದು, ಬರಿಯ ಕಾಮಾ ಹಾಕಿ, 'ವಿ ವೆಂಟ್ ಔಟ್' ಎಂದು ಮುಂದುವರಿಸಿದರೆ ಈ ಪರೀಕ್ಷೆಯ ಮಟ್ಟಿಗೆ ಅದು ತಪ್ಪು. ಎರಡು ಕಡೆಯೂ ಸ್ವತಂತ್ರ ವಾಕ್ಯವಾದರೆ ನಡುವೆ ಪೂರ್ಣವಿರಾಮವಿರಬೇಕು, ಅಥವಾ ಸೆಮಿಕೋಲನ್ ಇರಬೇಕು, ಅಥವಾ ಕಾಮಾದ ಜೊತೆಗೆ 'ಆಂಡ್', 'ಬಟ್', 'ಸೋ' ಇಂಥದೊಂದು ಕೊಂಡಿಪದ ಇರಬೇಕು. ನಮ್ಮ ಹುಡುಗರು ಅತಿಯಾಗಿ ಎಡವುವ ಕಲ್ಲು ಇದು. ಎಡವುವುದು ಇಂಗ್ಲಿಷು ಬಾರದ್ದರಿಂದಲ್ಲ, ಕನ್ನಡದ ಕಾಮಾವನ್ನು ಅಲ್ಲಿಗೂ ಒಯ್ಯುವುದರಿಂದ. ಈ ಮಾತನ್ನು ಒಮ್ಮೆ ಹೀಗೆ ಬಿಡಿಸಿ ಹೇಳಿದರೆ ಚುರುಕಾದ ಹುಡುಗಿ ಒಂದು ವಾರದಲ್ಲಿ ತಿದ್ದಿಕೊಳ್ಳುತ್ತಾಳೆ. ಬಿಡಿಸಿ ಹೇಳದೆ ಐನೂರು ಪ್ರಶ್ನೆ ಕೊಟ್ಟರೆ ಐನೂರರಲ್ಲಿಯೂ ಅಂದಾಜಿನ ಮೇಲೆ ನಡೆಯುತ್ತಾಳೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಕಲ್ಲು 'ಹೌಎವರ್' ಎಂಬ ಪದ. ನಮ್ಮ 'ಆದರೆ' ಎಂಬುದು 'ಬಟ್' ಎಂಬುದರ ಕೆಲಸವನ್ನೂ ಮಾಡುತ್ತದೆ, 'ಹೌಎವರ್' ಎಂಬುದರ ಕೆಲಸವನ್ನೂ ಮಾಡುತ್ತದೆ. ಅರ್ಥದಲ್ಲಿ ಇವೆರಡೂ ಒಂದೇ ಆದ್ದರಿಂದ ಚಿಹ್ನೆಯಲ್ಲಿಯೂ ಒಂದೇ ಎಂದು ಹುಡುಗ ತಿಳಿಯುತ್ತಾನೆ. 'ಬಟ್' ಕೊಂಡಿ, ಅದರ ಹಿಂದೆ ಕಾಮಾ ಸಾಕು. 'ಹೌಎವರ್' ಕೊಂಡಿಯಲ್ಲ, ವಾಕ್ಯದೊಳಗೆ ಬಂದು ಕುಳಿತ ಅವ್ಯಯ; ಎರಡು ವಾಕ್ಯಗಳನ್ನು ಹೊಲಿಯುವ ಶಕ್ತಿ ಅದಕ್ಕಿಲ್ಲ. ಅದರ ಹಿಂದೆ ಪೂರ್ಣವಿರಾಮವೋ ಸೆಮಿಕೋಲನ್ನೋ ಬೇಕು. 'ದೇರ್‌ಫೋರ್', 'ಮೋರೋವರ್' ಎಂಬುವೂ ಇದೇ ಜಾತಿಯವು.

ಕೋಲನ್ ಎಂಬ ಜೋಡಿಚುಕ್ಕಿಯ ವಿಷಯದಲ್ಲಿ ಮಾತ್ರ ಕನ್ನಡ ನೇರವಾಗಿ ಸಹಾಯಕ್ಕೆ ಬರುತ್ತದೆ. ನಾವು 'ಏನೆಂದರೆ', 'ಯಾವುವೆಂದರೆ' ಎಂದು ಹೇಳಿ ಒಂದು ಕ್ಷಣ ನಿಲ್ಲುತ್ತೇವಲ್ಲ, ಆ ಜಾಗಕ್ಕೆ ಇಂಗ್ಲಿಷಿನಲ್ಲಿ ಇರುವ ಗುರುತೇ ಕೋಲನ್. ಅದರ ಎಡಗಡೆ ಇರುವುದು ಪೂರ್ಣ ವಾಕ್ಯವಾಗಿರಬೇಕೆಂಬುದೊಂದೇ ನಿಬಂಧನೆ. 'ಅವನು ಮೂರು ಪದಾರ್ಥ ಕೊಂಡನು, ಯಾವುವೆಂದರೆ ಅಕ್ಕಿ, ಬೇಳೆ, ಬೆಲ್ಲ' ಎಂಬುದಕ್ಕೆ ಕೋಲನ್ ಸಲ್ಲುತ್ತದೆ. 'ಹಿ ಬಾಟ್' ಎಂದು ಅರ್ಧಕ್ಕೆ ನಿಲ್ಲಿಸಿ ಕೋಲನ್ ಇಟ್ಟು ಅಕ್ಕಿ ಬೇಳೆಗಳನ್ನು ಎಣಿಸತೊಡಗಿದರೆ ಸಲ್ಲದು.

ಇಲ್ಲಿ ಒಂದು ಮಾತು. ಬಾನುಲಿಯಲ್ಲಿ ಕಾಮಾದ ವಿಷಯ ಮಾತನಾಡುವುದರಲ್ಲಿ ಸ್ವಲ್ಪ ವಿನೋದವಿದೆ, ಏತಕ್ಕೆಂದರೆ ಕಾಮಾ ಯಾರಿಗೂ ಕೇಳಿಸುವುದಿಲ್ಲ. ಹಿಂದಿನ ಉಪಾಧ್ಯಾಯರು, 'ಉಸಿರು ತೆಗೆದುಕೊಳ್ಳುವಲ್ಲಿ ಕಾಮಾ ಹಾಕು' ಎಂದು ಹೇಳಿಕೊಡುತ್ತಿದ್ದರು. ಆ ಮಾತಿಗೂ ಹಳೆಯ ಆಧಾರವುಂಟು. ಕ್ರಿಸ್ತಪೂರ್ವ ೨೦೦ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯಾ ನಗರದ ಗ್ರಂಥಾಲಯದಲ್ಲಿದ್ದ ಅರಿಸ್ಟೋಫನೀಸ್ ಎಂಬ ಪಂಡಿತನು ಗ್ರೀಕ್ ಗ್ರಂಥಗಳನ್ನು ಗಟ್ಟಿಯಾಗಿ ಓದುವವರ ಅನುಕೂಲಕ್ಕಾಗಿ, ನಿಲ್ಲಬೇಕಾದ ಕಾಲವನ್ನು ಸೂಚಿಸಲು ಸಾಲಿನ ಮೇಲೆ, ನಡುವೆ, ಕೆಳಗೆ ಚುಕ್ಕಿಗಳನ್ನಿಡುವ ಏರ್ಪಾಡು ಮಾಡಿದನು. ಅವು ಉಸಿರಿನ ಗುರುತುಗಳೇ. ಹದಿನೈದನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ ಸೆಮಿಕೋಲನ್ನಿನ ಮೊಳೆ ಮಾಡಿಸಿದಮೇಲೆ, ಮುದ್ರಣ ಬೆಳೆದಂತೆಲ್ಲ, ಕಿವಿಗಾಗಿ ಹುಟ್ಟಿದ ಚಿಹ್ನೆಗಳು ಬರಬರುತ್ತ ಕಣ್ಣಿನ ವಶವಾದವು. ಇಂದಿನ ಪರೀಕ್ಷೆಯಲ್ಲಿ ಕಾಮಾ ಉಸಿರಿನ ಗುರುತಲ್ಲ, ವಾಕ್ಯರಚನೆಯ ಗುರುತು. ಉಸಿರನ್ನು ನಂಬಿದವನು ಉದ್ದವಾದ ಕರ್ತೃಪದ ಮುಗಿದೊಡನೆ, ಕ್ರಿಯಾಪದಕ್ಕೆ ಮುಂಚೆ, ಒಂದು ಕಾಮಾ ಹಾಕಿಬಿಡುತ್ತಾನೆ. ಕನ್ನಡದಲ್ಲಿ ಇದು ನಡೆಯುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿಗೂ ಕ್ರಿಯೆಗೂ ನಡುವೆ ಒಂಟಿ ಕಾಮಾ ನಿಲ್ಲಲಾರದು. ಎರಡಾದರೆ ನಿಲ್ಲಬಹುದು, ಆಗ ಅವು ಆವರಣದ ಎರಡು ಗೋಡೆಗಳಂತೆ ನಡುವಣ ಮಾತನ್ನು ಹಿಡಿದುಕೊಂಡಿರುತ್ತವೆ.

ಈ ಜೋಡಿ ಕಾಮಾಗಳ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. 'ಅಭ್ಯಾಸಮಾಡಿದ ಹುಡುಗರು ತೇರ್ಗಡೆಯಾದರು' ಎಂದಾಗ, ಹುಡುಗರೆಲ್ಲರೂ ಅಭ್ಯಾಸಮಾಡಿದರೋ, ಮಾಡಿದ ಕೆಲವರು ಮಾತ್ರ ತೇರ್ಗಡೆಯಾದರೋ? ನಮ್ಮ 'ಮಾಡಿದ' ಎಂಬ ಕೃದಂತ ವಿಶೇಷಣ ಎರಡು ಅರ್ಥಕ್ಕೂ ಒಂದೇ. ಸಂದರ್ಭ ನೋಡಿ ಊಹಿಸಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ 'ಹೂ ಪ್ರಾಕ್ಟಿಸ್ಡ್' ಎಂಬ ಮಾತಿನ ಎರಡು ಕಡೆಯೂ ಕಾಮಾ ಇದ್ದರೆ ಎಲ್ಲರೂ ಅಭ್ಯಾಸಮಾಡಿದರು, ಎಲ್ಲರೂ ಗೆದ್ದರು. ಕಾಮಾ ಇಲ್ಲದಿದ್ದರೆ ಮಾಡಿದವರಷ್ಟೇ ಗೆದ್ದರು. ಕಣ್ಣಿಗೆ ಕಾಣುವ ಎರಡು ಕೊಕ್ಕೆಗಳ ಮೇಲೆ ಮಿಕ್ಕ ಹುಡುಗರ ಗತಿ ನಿಂತಿದೆ! ಹೆಸರುಗಳ ಜೊತೆಯಲ್ಲಿಯೂ ಇದೇ ನ್ಯಾಯ. 'ನಾವೆಲಿಸ್ಟ್ ಆರ್. ಕೆ. ನಾರಾಯಣ್ ಲಿವ್ಡ್ ಇನ್ ಮೈಸೂರ್' ಎಂದು ವೃತ್ತಿಯ ಹೆಸರನ್ನು ಹಿಂದೆ ಇಟ್ಟರೆ ಎಲ್ಲಿಯೂ ಕಾಮಾ ಬೇಡ. ಕನ್ನಡದಲ್ಲಿ 'ಕಾದಂಬರಿಕಾರ ನಾರಾಯಣ್' ಎನ್ನುವಂತೆಯೇ. ಹೆಸರನ್ನು ಮೊದಲು ಹೇಳಿ, ಅವರು ಇಂಥವರೆಂಬ ವಿವರಣೆಯನ್ನು ನಡುವೆ ಸೇರಿಸಿದರೆ ಎರಡು ಗೋಡೆಯೂ ಬೇಕು. ಒಂದೇ ಗೋಡೆಯ ಮನೆಯನ್ನು ಪರೀಕ್ಷಕರು ಪ್ರತಿ ಸಲವೂ ಒಂದು ಉತ್ತರವಾಗಿ ಇಟ್ಟೇ ಇಡುತ್ತಾರೆಂದು ತಿಳಿಯಬಹುದು.

ಕರ್ತೃವಿಗೂ ಕ್ರಿಯೆಗೂ ವಚನದ ಹೊಂದಾಣಿಕೆ ಎಂಬುದು ನಮಗೆ ಹೊಸದೇನೂ ಅಲ್ಲ. ಬಂದನು, ಬಂದಳು, ಬಂದರು, ಬಂದಿತು ಎಂದು ಲಿಂಗವಚನಗಳೆರಡನ್ನೂ ಕ್ರಿಯೆಯ ಬಾಲಕ್ಕೆ ಕಟ್ಟುವ ನಾವು, ಇಂಗ್ಲಿಷಿನ ಒಂದು 'ಸ್'ಕಾರಕ್ಕೆ ಹೆದರುವುದೆ? ಆದರೂ ತಪ್ಪು ಬೀಳುತ್ತದೆ, ಅದಕ್ಕೆ ಕಾರಣ ಪದಕ್ರಮ. 'ಸೈನಿಕರು ಬರೆದ ಕಾಗದಗಳ ಸಂಗ್ರಹ ದೊರೆಯಿತು' ಎಂಬಲ್ಲಿ ವಿಶೇಷಣಗಳೆಲ್ಲ ಮುಂದಾಗಿ ಬಂದು, 'ಸಂಗ್ರಹ' ಎಂಬ ಮುಖ್ಯಪದ ಕ್ರಿಯೆಯ ಪಕ್ಕದಲ್ಲಿಯೇ ಕುಳಿತಿದೆ. ಇಂಗ್ಲಿಷಿನಲ್ಲಿ 'ದಿ ಕಲೆಕ್ಷನ್' ಎಂಬ ಮುಖ್ಯಪದ ಮೊದಲೇ ಬಂದು, 'ಆಫ್ ಲೆಟರ್ಸ್ ಫ್ರಮ್ ದಿ ಸೋಲ್ಜರ್ಸ್' ಎಂಬ ಮೆರವಣಿಗೆಯೆಲ್ಲ ಹೋದಮೇಲೆ ಕ್ರಿಯೆ ಬರುತ್ತದೆ. ಪಕ್ಕದಲ್ಲಿರುವುದೇ ಕರ್ತೃ ಎಂಬ ಕನ್ನಡದ ನಂಬಿಕೆಯಿಂದ ಹುಡುಗ 'ಸೋಲ್ಜರ್ಸ್' ಎಂಬ ಬಹುವಚನವನ್ನು ನೋಡಿ 'ವರ್' ಎಂದು ಗುರುತುಹಾಕುತ್ತಾನೆ, ಬೇಕಾದದ್ದು 'ವಾಸ್'. ಇದಕ್ಕೆ ಮದ್ದು ಸುಲಭ. ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿದರೆ ಮುಖ್ಯಪದ ತಾನಾಗಿ ಕ್ರಿಯೆಯ ಮಗ್ಗುಲಿಗೆ ಬಂದು ನಿಲ್ಲುತ್ತದೆ.

ಇನ್ನೊಂದು ಜಾತಿಯ ಪ್ರಶ್ನೆಯಲ್ಲಿ ಕನ್ನಡ ಚೆನ್ನಾಗಿ ಬಲ್ಲವರಿಗೆ ಲಾಭವೇ ಉಂಟು. 'ವಾಕಿಂಗ್ ಟು ದಿ ಸ್ಟೇಷನ್' ಎಂದು ಆರಂಭಿಸಿ, ಕಾಮಾ ಹಾಕಿ, 'ದಿ ರೇನ್ ಡ್ರೆಂಚ್ಡ್ ಹರ್' ಎಂದು ಮುಗಿಸಿದರೆ ತಪ್ಪು, ಏಕೆಂದರೆ ನಿಲ್ದಾಣಕ್ಕೆ ನಡೆಯುತ್ತಿದ್ದವಳು ಅವಳು, ಮಳೆಯಲ್ಲ. ಇದನ್ನೇ 'ನಿಲ್ದಾಣಕ್ಕೆ ನಡೆಯುತ್ತ ಮಳೆ ಅವಳನ್ನು ತೋಯಿಸಿತು' ಎಂದು ಕನ್ನಡದಲ್ಲಿ ಹೇಳಿನೋಡಿ. ಎಂಟನೆಯ ತರಗತಿಯ ಹುಡುಗಿಯೂ ನಕ್ಕಾಳು. ಅಪೂರ್ಣಕ್ರಿಯೆಗೂ ಪೂರ್ಣಕ್ರಿಯೆಗೂ ಕರ್ತೃ ಒಬ್ಬನೇ ಆಗಿರಬೇಕೆಂಬುದು ನಮಗೆ ತಾಯಿಯ ಹಾಲಿನೊಡನೆ ಬಂದ ಸಂಸ್ಕಾರ. ಸಂಸ್ಕೃತದ 'ಗತ್ವಾ', 'ಕೃತ್ವಾ' ಮುಂತಾದ ರೂಪಗಳಿಗೆ ಪಾಣಿನಿ ಸೂತ್ರವಿಟ್ಟಾಗ ಸಮಾನಕರ್ತೃಕತ್ವವನ್ನೇ ಮುಖ್ಯ ನಿಬಂಧನೆಯಾಗಿ ಹೇಳಿದನು. 'ಮಳೆ ಬಂದು ಕೆರೆ ತುಂಬಿತು' ಎಂದು ಕಾರಣಕಾರ್ಯಗಳನ್ನು ಹೇಳುವಾಗ ಕನ್ನಡ ಈ ನಿಯಮವನ್ನು ಸಡಿಲಿಸುತ್ತದೆಂಬುದು ನಿಜ. ಅದು ಬಿಟ್ಟರೆ, ಇಂಗ್ಲಿಷಿನ ಈ ಪ್ರಶ್ನೆಯನ್ನು ಬಿಡಿಸಲು ಕನ್ನಡದ ಕಿವಿಗಿಂತ ಒಳ್ಳೆಯ ಮೇಷ್ಟರಿಲ್ಲ.

ಅಪಾಸ್ಟ್ರಫಿ ಎಂಬ ಮೇಲುಕೊಕ್ಕೆಯ ವಿಷಯದಲ್ಲಿ ಯಾವ ಕಿವಿಯೂ ನೆರವಾಗಲಾರದು. 'ಅದರ' ಎಂಬುದಕ್ಕೂ 'ಇಟ್ಸ್', 'ಅದು ಇದೆ' ಎಂಬುದರ ಹ್ರಸ್ವರೂಪಕ್ಕೂ 'ಇಟ್ಸ್'. ನಾನು ಈಗ ಹೇಳಿದ ಎರಡರಲ್ಲಿ ಕೊಕ್ಕೆ ಇರುವುದು ಯಾವುದಕ್ಕೆಂದು ನಿಮಗೆ ತಿಳಿಯುವ ಹಾಗಿಲ್ಲ. ಬಿಡಿಸಿ ಓದುವುದೇ ದಾರಿ. 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಎಂದು ಬಿಡಿಸಿದಾಗ ವಾಕ್ಯ ಕೂಡಿದರೆ ಕೊಕ್ಕೆ ಬೇಕು; ಕೂಡದಿದ್ದರೆ ಬೇಡ. 'ಹಿಸ್', 'ಹರ್ಸ್' ಎಂಬುವಕ್ಕೆ ಕೊಕ್ಕೆ ಇಲ್ಲದಿರುವಂತೆ ಷಷ್ಠಿಯ 'ಇಟ್ಸ್' ಎಂಬುದಕ್ಕೂ ಇಲ್ಲವೆಂದು ನೆನಪಿಟ್ಟರಾಯಿತು. ಇನ್ನು 'ಎ', 'ಆನ್', 'ದಿ' ಎಂಬ ಮೂರು ಉಪಪದಗಳು. ಕನ್ನಡದವರಿಗೆ ಇವು ಜನ್ಮಕ್ಕಂಟಿದ ಕಾಟವಾದರೂ, ಈ ಪರೀಕ್ಷೆ ಅವುಗಳ ಗೋಜಿಗೆ ಹೆಚ್ಚಾಗಿ ಹೋಗುವುದಿಲ್ಲ. ೧೯೬೪ರಲ್ಲಿ ಮೊದಲಾದ ಟೋಫೆಲ್, ೧೯೮೯ರಲ್ಲಿ ಮೊದಲಾದ ಐಇಎಲ್‌ಟಿಎಸ್ ಇವುಗಳಿಗೆ ಕುಳಿತುಕೊಳ್ಳುವವರು ಸ್ವಂತವಾಗಿ ಬರೆದು ತೋರಿಸಬೇಕಾದ್ದರಿಂದ ಅವರು ಉಪಪದಗಳನ್ನು ಗಮನಿಸದೆ ಗತ್ಯಂತರವಿಲ್ಲ.

ಶಬ್ದಸಂಗ್ರಹದ ಮಾತಿಗೆ ಬರೋಣ. ಮೂರು ಸಾವಿರ ಕಠಿನ ಶಬ್ದಗಳ ಪಟ್ಟಿಯನ್ನು ಅಮರಕೋಶದಂತೆ ಉರುಹೊಡೆಯುವ ಹುಡುಗರು ಇಂದಿಗೂ ಇದ್ದಾರೆ. ಅಮರಕೋಶದ ಬಾಯಿಪಾಠಕ್ಕೆ ಒಂದು ಲಯವಾದರೂ ಇತ್ತು, ಈ ಪಟ್ಟಿಗೆ ಅದೂ ಇಲ್ಲ. ಪರೀಕ್ಷೆಯಾದರೋ ಆ ದಾರಿಯನ್ನು ಬಿಟ್ಟು ಎಷ್ಟೋ ಕಾಲವಾಯಿತು. ವಿರುದ್ಧಪದಗಳ ಪ್ರಶ್ನೆಯನ್ನು ೧೯೯೪ರಲ್ಲಿಯೂ, ಇದಕ್ಕೆ ಇದು ಹೇಗೋ ಅದಕ್ಕೆ ಯಾವುದು ಎಂಬ ಸಾದೃಶ್ಯದ ಪ್ರಶ್ನೆಯನ್ನು ೨೦೦೫ರಲ್ಲಿಯೂ ತೆಗೆದುಹಾಕಿದರು. ೨೦೧೬ರಲ್ಲಿ ವಿರಳ ಶಬ್ದಗಳ ಮೇಲಣ ಒತ್ತನ್ನು ಬಿಟ್ಟು, ಸಂದರ್ಭದಲ್ಲಿ ಅರ್ಥವನ್ನು ಗ್ರಹಿಸುವುದಕ್ಕೆ ಪ್ರಾಧಾನ್ಯ ಕೊಟ್ಟರು. ಪ್ರಕೃತ ಕೇಳುವ ರೀತಿ ಬಹುಮಟ್ಟಿಗೆ ಹೀಗೆ: ಗದ್ಯಭಾಗದಲ್ಲಿ ಒಂದು ಪದದ ಜಾಗ ಖಾಲಿ, ಅರ್ಥಕ್ಕೆ ಸರಿಯಾಗಿಯೂ ಖಚಿತವಾಗಿಯೂ ಕೂಡುವ ಪದವನ್ನು ಆರಿಸು. ಇಂಥದಕ್ಕೆ ನಾನು ಸೂಚಿಸುವ ಅಭ್ಯಾಸ ಒಂದೇ. ನಾಲ್ಕು ಉತ್ತರಗಳನ್ನೂ ಕೈಯಿಂದ ಮುಚ್ಚಿ, ಆ ಖಾಲಿ ಜಾಗದಲ್ಲಿ ಒಂದು ಕನ್ನಡ ಪದವನ್ನು ಇಡಬೇಕು. 'ಸಂಶಯಾಸ್ಪದ', 'ಅನಿವಾರ್ಯ', 'ಗೊಂದಲದ' ಎಂದು ಯಾವುದು ಹೊಳೆಯುತ್ತದೋ ಅದು. ಆಮೇಲೆ ಕೈ ತೆಗೆದು, ಆ ಕನ್ನಡ ಪದಕ್ಕೆ ಹತ್ತಿರವಾದದ್ದನ್ನು ನಾಲ್ಕರಲ್ಲಿ ಹುಡುಕಬೇಕು. ಹೀಗೆ ಮಾಡಿದರೆ ಪರೀಕ್ಷಕನು ಒಡ್ಡಿದ ಮೂರು ಬಲೆಗಳನ್ನು ನೋಡುವುದಕ್ಕೆ ಮುಂಚೆಯೇ ನಿಮ್ಮ ಅರ್ಥ ಗಟ್ಟಿಯಾಗಿರುತ್ತದೆ. ವಾಕ್ಯಗಳ ಸಂಬಂಧವನ್ನು ತೋರಿಸುವ ಪದಗಳ ಪ್ರಶ್ನೆಗೂ ಇದೇ ಕ್ರಮ. 'ಆದ್ದರಿಂದ' ಬೇಕೋ, 'ಹಾಗಿದ್ದರೂ' ಬೇಕೋ, 'ಮೇಲಾಗಿ' ಬೇಕೋ, 'ಉದಾಹರಣೆಗೆ' ಬೇಕೋ ಎಂಬುದು ಕನ್ನಡದಲ್ಲಿ ಅರೆಕ್ಷಣದಲ್ಲಿ ತಿಳಿಯುತ್ತದೆ. ಹಿಂದೆ ಚಿಹ್ನೆಯ ಪ್ರಶ್ನೆಯಲ್ಲಿ ನಮ್ಮನ್ನು ದಾರಿ ತಪ್ಪಿಸಿದ 'ಆದರೆ' ಇಲ್ಲಿ ಅರ್ಥದ ಪ್ರಶ್ನೆಯಲ್ಲಿ ದಾರಿ ತೋರಿಸುತ್ತದೆ.

ಹೊಸ ಶಬ್ದಗಳನ್ನು ಕಲಿಯುವಾಗ ಧಾತುವನ್ನು ಹಿಡಿಯುವುದು ಲೇಸು. ಸಂಸ್ಕೃತದ 'ನೀ' ಎಂಬ ಧಾತುವಿಗೆ ಒಯ್ಯು, ನಡೆಸು ಎಂದರ್ಥ. ಉಪಸರ್ಗಗಳು ಸೇರಿ ಅದರಿಂದ ಉಪನಯನ, ವಿನಯ, ಅಭಿನಯ, ನಿರ್ಣಯ, ಪರಿಣಯ ಎಂದು ಎಷ್ಟು ಶಬ್ದಗಳಾದವೆಂಬುದು ಕನ್ನಡ ಓದಿದವರಿಗೆಲ್ಲ ಗೊತ್ತು. ಲ್ಯಾಟಿನ್ ಭಾಷೆಯಲ್ಲಿ ಇದೇ ಅರ್ಥದ ಧಾತು 'ಡೂಕೆರೆ'. ಅದಕ್ಕೆ ಮುಂದೆ, ಹಿಂದೆ, ಒಳಗೆ, ಕೆಳಗೆ ಎಂಬ ಅರ್ಥದ ಉಪಸರ್ಗಗಳು ಸೇರಿ ಪ್ರೊಡ್ಯೂಸ್, ರಿಡ್ಯೂಸ್, ಇಂಡ್ಯೂಸ್, ಡಿಡ್ಯೂಸ್ ಎಂದಾದವು. ವಿನಯವನ್ನೂ ಅಭಿನಯವನ್ನೂ ಬೇರೆಬೇರೆ ಬಾಯಿಪಾಠಮಾಡದ ನಾವು ಇವನ್ನೇಕೆ ಮಾಡಬೇಕು? ಮನೆಯಲ್ಲಿ ಸ್ವಲ್ಪ ಸಂಸ್ಕೃತ ಬಲ್ಲ ತಾತನೊಬ್ಬನಿದ್ದರೆ, ಇಂಗ್ಲಿಷಿನ ಅಕ್ಷರವೇ ಗೊತ್ತಿಲ್ಲದಿದ್ದರೂ ಈ ಕೆಲಸದಲ್ಲಿ ಮೊಮ್ಮಗಳಿಗೆ ಜೊತೆಗಾರನಾಗಬಲ್ಲನು.

ಎಚ್ಚರಿಕೆ ಬೇಕಾದದ್ದು ನಾವು ಆಗಲೇ ಕನ್ನಡಕ್ಕೆ ತಂದುಕೊಂಡಿರುವ ಇಂಗ್ಲಿಷು ಶಬ್ದಗಳಲ್ಲಿ. 'ಸೆಂಟಿಮೆಂಟು' ಎಂದರೆ ನಮಗೆ ಮೆದುಮನಸ್ಸು, ಇಲ್ಲವೆ ಶಕುನದ ನಂಬಿಕೆ. ಪರೀಕ್ಷೆಯ ಗದ್ಯದಲ್ಲಿ ಅದಕ್ಕೆ ಅಭಿಪ್ರಾಯವೆಂಬ ಅರ್ಥ ಬರುತ್ತದೆ. 'ಟೆನ್ಷನ್ನು' ನಮಗೆ ಗಾಬರಿ. ಅಲ್ಲಿ ಎರಡು ವಿಚಾರಗಳ ನಡುವಣ ಎಳೆದಾಟ. 'ಅರೆಸ್ಟು' ಎಂದರೆ ನಮಗೆ ಪೊಲೀಸರು ಕಣ್ಣಮುಂದೆ ಬರುತ್ತಾರೆ. ಅಲ್ಲಿ ರೋಗದ ಬೆಳವಣಿಗೆಯನ್ನು ತಡೆಯುವುದಕ್ಕೂ ಅದೇ ಪದ. 'ಕ್ವಾಲಿಫೈ' ಆಗುವುದು ನಮಗೆ ಗೆಲ್ಲುವುದು. ಅಲ್ಲಿ ಹೇಳಿದ ಮಾತಿಗೆ ಮಿತಿ ಹಾಕುವುದೂ ಕ್ವಾಲಿಫೈ. ಪರಿಚಯವಿಲ್ಲದ ಶಬ್ದಕ್ಕಿಂತ ಅರ್ಧ ಪರಿಚಯದ ಶಬ್ದವೇ ಹೆಚ್ಚು ಮೋಸಮಾಡುತ್ತದೆ. ಇಂಥವನ್ನು ಕಂಡಾಗಲೆಲ್ಲ ಒಂದು ಕಡೆ ಬರೆದಿಡುವುದು ಮೂರು ಸಾವಿರದ ಪಟ್ಟಿಗಿಂತ ಉಪಯುಕ್ತ.

ಬರೆದಿಡುವ ಮಾತು ಬಂತು. ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ದುಡ್ಡಿನದಲ್ಲ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನವರು ತಮ್ಮ 'ಬ್ಲೂಬುಕ್' ಎಂಬ ಗಣಕ ಸಾಧನದಲ್ಲಿ ಪೂರ್ಣ ಮಾದರಿ ಪರೀಕ್ಷೆಗಳನ್ನು ಬಿಟ್ಟಿಯಾಗಿ ಕೊಡುತ್ತಾರೆ. ೨೦೧೫ರಿಂದ ಖಾನ್ ಅಕಾಡೆಮಿಯೂ ಅವರೊಡನೆ ಸೇರಿ ಉಚಿತವಾಗಿ ಪಾಠ ಪ್ರಶ್ನೆಗಳನ್ನು ಒದಗಿಸುತ್ತಿದೆ. ಇವುಗಳ ಜೊತೆಗೆ ಒಂದು ದಪ್ಪನೆಯ ನೋಟ್‌ಬುಕ್ಕು ಸಾಕು. ತಪ್ಪಾದ ಪ್ರತಿಯೊಂದು ಪ್ರಶ್ನೆಯನ್ನೂ ಅದರಲ್ಲಿ ಬರೆದು, ಏಕೆ ತಪ್ಪಾಯಿತೆಂಬುದನ್ನು ಒಂದು ವಾಕ್ಯದಲ್ಲಿ ಕನ್ನಡದಲ್ಲಿ ಬರೆಯಬೇಕು. ಕನ್ನಡದಲ್ಲಿಯೇ ಏಕೆಂದರೆ, 'ಕಾಮಾ ಸ್ಪ್ಲೈಸ್', 'ಡ್ಯಾಂಗ್ಲಿಂಗ್ ಮಾಡಿಫೈಯರ್' ಎಂಬ ಪಾರಿಭಾಷಿಕ ಶಬ್ದಗಳನ್ನು ಅರ್ಥವಾಗದೆಯೂ ಬರೆದುಬಿಡಬಹುದು. 'ಎರಡು ವಾಕ್ಯಕ್ಕೂ ಬಾಗಿಲು ಬೇರೆ, ನಾನು ಒಂದೇ ಎಂದುಕೊಂಡೆ' ಎಂದು ಕನ್ನಡದಲ್ಲಿ ಬರೆಯಬೇಕಾದರೆ ಅರ್ಥವಾಗಿರಲೇಬೇಕು. ಬರೆಯಲು ಬಾರದಿದ್ದರೆ ಇನ್ನೂ ತಿಳಿದಿಲ್ಲವೆಂದೇ ಲೆಕ್ಕ. ಅಮೆರಿಕಾದಲ್ಲಿಯೇ ನೆಲೆಸಿರುವ ನಮ್ಮವರ ಮಕ್ಕಳಲ್ಲಿ ಕೆಲವರಿಗೆ ಕನ್ನಡ ಕೇಳಿ ಗೊತ್ತು, ಬರೆದು ಗೊತ್ತಿಲ್ಲ. ಅವರು ತಾಯಿಗೆ ಬಾಯಲ್ಲಿ ಹೇಳಲಿ, ಅದೂ ಆದೀತು. ಐವತ್ತು ಅರವತ್ತು ತಪ್ಪುಗಳು ಸೇರುವಷ್ಟರಲ್ಲಿ, ಅವೆಲ್ಲವೂ ನಾಲ್ಕೈದು ಕಾರಣಗಳ ಮಕ್ಕಳೆಂಬುದು ಕಾಣಬರುತ್ತದೆ. ಆಮೇಲೆ ಆ ನಾಲ್ಕೈದನ್ನೇ ಹಿಡಿದು ಅಭ್ಯಾಸ ನಡೆಸಬೇಕು. ಪೂರ್ಣ ಮಾದರಿ ಪರೀಕ್ಷೆಗಳು ಸಂಖ್ಯೆಯಲ್ಲಿ ಕೆಲವೇ ಇರುವುದರಿಂದ ಮೊದಲ ತಿಂಗಳಿನಲ್ಲಿಯೇ ಅವನ್ನೆಲ್ಲ ತಿಂದು ಮುಗಿಸಬಾರದು. ಒಂದನ್ನು ಮೊದಲು ಬರೆದು ತನ್ನ ಮಟ್ಟವನ್ನು ತಿಳಿದು, ಉಳಿದವನ್ನು ಕೊನೆಯ ವಾರಗಳಿಗೆ ಇಟ್ಟುಕೊಳ್ಳುವುದು ವಿವೇಕ.

ದಿನಕ್ಕೆ ನಲವತ್ತು ನಿಮಿಷ ಇದಕ್ಕೆ ಸಾಕು. ಅದರಲ್ಲಿ ಹತ್ತು ನಿಮಿಷ, ಇಂಗ್ಲಿಷು ಪತ್ರಿಕೆಯ ಒಳ್ಳೆಯದೊಂದು ಲೇಖನವನ್ನು ಎದುರಿಗಿಟ್ಟುಕೊಂಡು, ಪೂರ್ಣಕ್ರಿಯೆಗಳ ಕೆಳಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು, ಎರಡು ಗೆರೆಗಳ ನಡುವೆ ಯಾವ ಚಿಹ್ನೆ ನಿಂತಿದೆ, ಯಾವ ಕೊಂಡಿ ನಿಂತಿದೆ ಎಂದು ನೋಡಬೇಕು. ನಿಯಮವನ್ನು ಓದಿ ತಿಳಿಯುವುದಕ್ಕಿಂತ ಹೀಗೆ ಕಣ್ಣಿಗೆ ರೂಢಿಮಾಡುವುದು ಹೆಚ್ಚು ದಿನ ನಿಲ್ಲುತ್ತದೆ. ಮಿಕ್ಕ ಹೊತ್ತಿನಲ್ಲಿ ಹುಡುಗ ಅಜ್ಜಿಯೊಡನೆ ಕನ್ನಡದಲ್ಲಿ ಹರಟೆ ಹೊಡೆದರೆ ಒಂದು ಅಂಕವೂ ಕಡಮೆಯಾಗದು.

ಪರೀಕ್ಷೆಯ ದಿನದ ಮಾತು ಒಂದೆರಡಿವೆ. ಓದು ಬರೆಹದ ಭಾಗವನ್ನು ೨೭ ಪ್ರಶ್ನೆಗಳ ಎರಡು ಖಂಡಗಳಾಗಿ ಮಾಡಿ ಒಂದೊಂದಕ್ಕೆ ೩೨ ನಿಮಿಷ ಕೊಡುತ್ತಾರೆ. ಮೊದಲ ಖಂಡವನ್ನು ಎಷ್ಟು ಚೆನ್ನಾಗಿ ಮಾಡಿದಿರೋ ಅದನ್ನು ನೋಡಿ ಯಂತ್ರವು ಎರಡನೆಯ ಖಂಡದಲ್ಲಿ ಕಷ್ಟದ ಪ್ರಶ್ನೆಗಳನ್ನೋ ಸುಲಭದ ಪ್ರಶ್ನೆಗಳನ್ನೋ ಕೊಡುತ್ತದೆ. ಆದ್ದರಿಂದ ಮೊದಲ ಖಂಡದಲ್ಲಿ ಅವಸರ ಕೂಡದು; ಎರಡನೆಯದು ಕಷ್ಟವಾಗಿ ಕಂಡರೆ ಎದೆಗುಂದಬೇಕಾದ್ದಿಲ್ಲ, ಅದು ಶುಭಸೂಚನೆಯೇ ಇರಬಹುದು. ೨೦೧೬ಕ್ಕೆ ಮುಂಚೆ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಿದ್ದರು. ಆ ಕಾಲದಲ್ಲಿ ಪರೀಕ್ಷೆಗೆ ಕುಳಿತ ಅಣ್ಣಂದಿರು ಅಕ್ಕಂದಿರು ಇಂದಿಗೂ, 'ತಿಳಿಯದಿದ್ದರೆ ಖಾಲಿ ಬಿಡು' ಎಂದು ಬುದ್ಧಿವಾದ ಹೇಳುವುದುಂಟು. ಈಗ ಆ ಕಡಿತವಿಲ್ಲ. ಪ್ರತಿ ಖಂಡದ ಕೊನೆಯ ಎರಡು ನಿಮಿಷವನ್ನು ಮೀಸಲಿಟ್ಟುಕೊಂಡು, ಉತ್ತರಿಸದೆ ಬಿಟ್ಟ ಪ್ರಶ್ನೆಗಳಿಗೆಲ್ಲ ಏನಾದರೊಂದು ಗುರುತನ್ನು ಹಾಕಿಯೇ ಏಳಬೇಕು.